ಪಂಚಾಂಗ ನೋಡಿ ಬರುವ ತುರ್ತುಪರಿಸ್ಥಿತಿ

ಆಳುವವರಿಗೂ ಪಂಚಾಂಗಕ್ಕೂ ಇರುವ ನಂಟು ಬಹಳ ಹಳೆಯದು. ಪಟ್ಟ ಕಟ್ಟುವುದಕ್ಕೆ, ದಂಡೆತ್ತಿ ಹೋಗುವುದಕ್ಕೆ, ದಾನ ಕೊಡುವುದಕ್ಕೆ ಅರಸರು ತಿಥಿ ವಾರಗಳನ್ನು ನೋಡುತ್ತಿದ್ದರು. ನಮ್ಮ ಸೀಮೆಯ ಗುಡಿಗಳ ಶಾಸನಗಳಲ್ಲಿ ಸಂಕ್ರಾಂತಿ, ಗ್ರಹಣ, ಹುಣ್ಣಿಮೆಗಳ ಉಲ್ಲೇಖ ಹೇರಳವಾಗಿದೆ. ಶುಭಕಾರ್ಯಕ್ಕೆ ದಿನ ನೋಡುವ ಈ ವಾಡಿಕೆಯ ಪಕ್ಕದಲ್ಲಿ ಈಚಿನ ವರುಷಗಳಲ್ಲಿ ಹೊಸದೊಂದು ವಾಡಿಕೆ ತಲೆಯೆತ್ತಿದೆ. ಇಂಥ ಮೆರವಣಿಗೆ ಹೊರಡುವ ದಿನ ಇಂಥ ಜಿಲ್ಲೆಯಲ್ಲಿ ಇಂಟರ್ನೆಟ್ ಬಂದ್ ಎಂದು ಸರಕಾರಗಳು ಹಬ್ಬದ ತಾರೀಖು ನೋಡಿಕೊಂಡು ಅಪ್ಪಣೆ ಹೊರಡಿಸತೊಡಗಿವೆ.

ಹರಿಯಾಣದ ನೂಹ್ ಜಿಲ್ಲೆ ಇದಕ್ಕೆ ತೀರ ಸ್ಪಷ್ಟವಾದ ನಿದರ್ಶನ. ಉತ್ತರದವರ ಶ್ರಾವಣದಲ್ಲಿ ಅಲ್ಲಿ ಬ್ರಜಮಂಡಲ ಜಲಾಭಿಷೇಕ ಯಾತ್ರೆಯೆಂಬ ಮೆರವಣಿಗೆ ನಡೆಯುತ್ತದೆ. ೨೦೨೩ರ ಜುಲೈ ೩೧ರಂದು ಆ ಯಾತ್ರೆಯ ವೇಳೆಗೆ ಗಲಭೆಯೆದ್ದು ಗುರುಗ್ರಾಮದವರೆಗೂ ಹಬ್ಬಿತು. ಆರು ಜನ ಪ್ರಾಣ ಕಳೆದುಕೊಂಡರು. ಸರಕಾರ ಇಂಟರ್ನೆಟ್ ನಿಲ್ಲಿಸಿತು. ಆಗ ಊರು ಉರಿಯುತ್ತಿತ್ತು, ಆ ಅಪ್ಪಣೆಯನ್ನು ಯಾರಾದರೂ ಅರ್ಥಮಾಡಿಕೊಂಡಾರು. ಆದರೆ ಮರುವರುಷ, ಏನೂ ಸಂಭವಿಸುವ ಮೊದಲೇ, ಜುಲೈ ೨೧ರ ಸಂಜೆ ಆರರಿಂದ ೨೨ರ ಸಂಜೆ ಆರರವರೆಗೆ ಮೊಬೈಲ್ ಇಂಟರ್ನೆಟ್ ನಿಂತಿತು. ೨೦೨೫ರಲ್ಲಿ ಜುಲೈ ೧೩ರ ರಾತ್ರಿ ಒಂಬತ್ತರಿಂದ ೧೪ರ ರಾತ್ರಿ ಒಂಬತ್ತರವರೆಗೆ ಮತ್ತೆ ನಿಂತಿತು. ಮೊದಲನೆಯ ಅಪ್ಪಣೆ ಹೊತ್ತಿಕೊಂಡ ಬೆಂಕಿಗಾಗಿ ಬಂದದ್ದು; ಉಳಿದೆರಡು ಪಂಚಾಂಗಕ್ಕಾಗಿ ಬಂದವು.

ಈ ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ತುರ್ತು ಎಂದರೆ ಎಣಿಸದೆ ಬಂದೆರಗಿದ್ದು. ಮಳೆಗಾಲದ ಹಳ್ಳ ನಡುರಾತ್ರಿ ಊರೊಳಗೆ ನುಗ್ಗಿದರೆ ತುರ್ತು. ಆದರೆ ನಾಗರಪಂಚಮಿ, ಗಣೇಶಚೌತಿ, ಮೊಹರಂ, ಈದ್ ಮಿಲಾದುಗಳು ಎಂದು ಬರುವವೆಂಬುದನ್ನು ಒಂದು ವರುಷ ಮುಂಚೆಯೇ ಗೋಡೆಯ ಮೇಲಿನ ಕ್ಯಾಲೆಂಡರು ಹೇಳುತ್ತದೆ. ಚಂದ್ರದರ್ಶನದಿಂದ ಒಂದು ದಿನ ಹೆಚ್ಚುಕಡಿಮೆ ಆದೀತು, ಅಷ್ಟೇ. ಹನ್ನೆರಡು ತಿಂಗಳು ಮೊದಲೇ ಗೊತ್ತಿದ್ದ ದಿನವೊಂದು ಬಂದೊಡನೆ ‘ತುರ್ತುಪರಿಸ್ಥಿತಿ’ ಎನ್ನುವುದಾದರೆ, ಆ ಹನ್ನೆರಡು ತಿಂಗಳುಗಳಲ್ಲಿ ಆಡಳಿತ ಮಾಡಿದ್ದೇನು ಎಂಬ ಪ್ರಶ್ನೆ ಏಳುವುದು ಸಹಜ.

ಕಾಯದೆಯ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಈ ಅಧಿಕಾರದ ಬೇರು ೧೮೮೫ರ ಭಾರತೀಯ ತಂತಿ ಕಾಯದೆಯ ಐದನೆಯ ಕಲಮಿನಲ್ಲಿದೆ. ‘ಸಾರ್ವಜನಿಕ ತುರ್ತುಪರಿಸ್ಥಿತಿ’ ಒದಗಿದಾಗ ಅಥವಾ ‘ಸಾರ್ವಜನಿಕ ಸುರಕ್ಷತೆ’ಯ ಸಲುವಾಗಿ ಸಂದೇಶಗಳನ್ನು ತಡೆಯಬಹುದೆಂದು ಬ್ರಿಟಿಷರು ಬರೆದಿಟ್ಟರು. ಸ್ವತಂತ್ರ ಭಾರತ ಆ ನುಡಿಗಟ್ಟನ್ನು ಹಾಗೆಯೇ ಇಟ್ಟುಕೊಂಡು, ೨೦೧೭ರ ಆಗಸ್ಟಿನಲ್ಲಿ ದೂರಸಂಪರ್ಕ ಸೇವೆಗಳ ತಾತ್ಕಾಲಿಕ ಸ್ಥಗಿತದ ನಿಯಮಗಳನ್ನು ರಚಿಸಿತು. ೨೦೨೩ರ ಹೊಸ ದೂರಸಂಪರ್ಕ ಕಾಯದೆಯಲ್ಲಿಯೂ ಅದೇ ಮಾತುಗಳು ಮುಂದುವರಿದವು, ೨೦೨೪ರ ನವೆಂಬರಿನಲ್ಲಿ ಹೊಸ ನಿಯಮಗಳು ಬಂದವು. ‘ಅಥವಾ’ ಎಂಬ ಪದದ ಬೆನ್ನು ಹತ್ತಿ, ತುರ್ತು ಇಲ್ಲದಿದ್ದರೂ ಸುರಕ್ಷತೆಯೆಂದರೆ ಸಾಕು ಎಂದು ವಾದಿಸುವವರಿದ್ದಾರೆ. ಆದರೆ ಹುಕುಂಚಂದ್ ಶಾಮಲಾಲ್ ಪ್ರಕರಣದಲ್ಲಿ, ಸಟ್ಟಾ ವ್ಯವಹಾರದ ಆರೋಪದ ಮೇಲೆ ವ್ಯಾಪಾರಿಗಳ ಟೆಲಿಫೋನು ಕತ್ತರಿಸಿದ್ದನ್ನು ವಿಚಾರಿಸುತ್ತ, ಆ ಎರಡು ಮಾತುಗಳು ಒಂದರ ಬಣ್ಣವನ್ನು ಇನ್ನೊಂದು ಪಡೆದುಕೊಳ್ಳುತ್ತವೆಂದು ಸುಪ್ರೀಂ ಕೋರ್ಟು ಎಪ್ಪತ್ತರ ದಶಕದಲ್ಲಿಯೇ ಹೇಳಿದೆ. ವ್ಯಾಕರಣ ಕಲಿಸುವವನಾದ ನನಗೆ ಈ ತೀರ್ಪು ವಿಶೇಷ ಸಂತೋಷ ಕೊಟ್ಟಿದೆ. ಒಂದು ‘ಅಥವಾ’ದ ಮೇಲೆ ಕೋಟ್ಯಂತರ ಜನರ ಬಾಯಿ ನಿಂತಿದೆಯೆಂಬುದು ಸಣ್ಣ ಸಂಗತಿಯಲ್ಲ.

೨೦೧೭ರ ನಿಯಮಗಳಲ್ಲಿ ಇನ್ನೊಂದು ಸೋಜಿಗವಿತ್ತು. ಬಂದ್ ಮಾಡಿದ ಅಪ್ಪಣೆ ಸರಿಯೋ ತಪ್ಪೋ ಎಂದು ನೋಡುವುದಕ್ಕೆ ಒಂದು ಪರಿಶೀಲನಾ ಸಮಿತಿ. ರಾಜ್ಯದಲ್ಲಿ ಅದಕ್ಕೆ ಮುಖ್ಯ ಕಾರ್ಯದರ್ಶಿಗಳೇ ಅಧ್ಯಕ್ಷರು, ಸದಸ್ಯರೂ ಸರಕಾರದ ಕಾರ್ಯದರ್ಶಿಗಳೇ. ಅಪ್ಪಣೆ ಹೊರಟ ಐದು ಕೆಲಸದ ದಿನಗಳೊಳಗೆ ಅದು ಸೇರಬೇಕು. ಮೆರವಣಿಗೆಯ ಬಂದ್ ಇಪ್ಪತ್ತನಾಲ್ಕು ತಾಸಿನದು! ಸಮಿತಿ ಕಾಗದ ಬಿಚ್ಚುವ ಹೊತ್ತಿಗೆ ದೇವರು ಹೊಳೆ ಸೇರಿ, ತೋರಣ ಬಾಡಿ, ಪೇಟೆ ಗುಡಿಸಿಯಾಗಿರುತ್ತದೆ.

ಇನ್ನು ನಮ್ಮ ನಾಡಿನ ವಿಷಯಕ್ಕೆ ಬರೋಣ. ಹಬ್ಬದ ದಿನ, ಹಬ್ಬಿದ ಸುಳ್ಳು, ಸರಕಾರದ ಅಪ್ಪಣೆ ಈ ಮೂರೂ ಒಟ್ಟಿಗೆ ಸೇರಿದ ಪ್ರಸಂಗವೊಂದು ಕರ್ನಾಟಕದಲ್ಲಿಯೇ ನಡೆದಿದೆ. ಅದರಷ್ಟು ಪಾಠ ಕಲಿಸುವ ಘಟನೆ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ. ೨೦೧೨ರ ಜುಲೈ ತಿಂಗಳಲ್ಲಿ ಅಸ್ಸಾಮಿನ ಕೊಕ್ರಝಾರ್ ಸೀಮೆಯಲ್ಲಿ ಬೋಡೊ ಜನರಿಗೂ ಮುಸಲ್ಮಾನರಿಗೂ ಘರ್ಷಣೆಯಾಯಿತು. ಆಗಸ್ಟ್ ನಡುವಿನ ಹೊತ್ತಿಗೆ ಬೆಂಗಳೂರಿನಲ್ಲಿ ಒಂದು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರತೊಡಗಿತು: ರಂಜಾನ್ ಮುಗಿಯುತ್ತಲೇ ಈಶಾನ್ಯದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರಂತೆ. ಎಲ್ಲಿಯದೋ ಚಿತ್ರ, ಎಲ್ಲಿಯದೋ ಹೆಣ. ಅದಕ್ಕೆ ಜೋಡಿಸಿದ ನಾಲ್ಕು ಸಾಲು. ಹೊಟೆಲುಗಳಲ್ಲಿ ಬಡಿಸುತ್ತಿದ್ದವರು, ಕಟ್ಟಡಗಳ ಬಾಗಿಲು ಕಾಯುತ್ತಿದ್ದವರು, ಕಾಲೇಜುಗಳಲ್ಲಿ ಓದುತ್ತಿದ್ದವರು ಆಗಸ್ಟ್ ೧೫ರ ಸ್ವಾತಂತ್ರ್ಯೋತ್ಸವದ ಸಂಜೆಯಿಂದ ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಧಾವಿಸಿದರು. ಎರಡು ಮೂರು ದಿನಗಳಲ್ಲಿ ಸಾವಿರ ಸಾವಿರ ಜನ. ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು.

ಆಗ ಸರಕಾರಗಳು ಎರಡು ಕೆಲಸ ಮಾಡಿದವು. ಆಗಸ್ಟ್ ೧೭ರಂದು ಕೇಂದ್ರ ಸರಕಾರವು ದೇಶಕ್ಕೆಲ್ಲ ಅನ್ವಯಿಸುವಂತೆ, ಹದಿನೈದು ದಿನ ಸಾಮೂಹಿಕ ಸಂದೇಶಗಳನ್ನು ನಿಲ್ಲಿಸಿ, ಒಂದು ಮೊಬೈಲಿನಿಂದ ದಿನಕ್ಕೆ ಐದೇ ಎಸ್ಸೆಮ್ಮೆಸ್ಸು ಎಂದು ಕಟ್ಟು ಹಾಕಿತು. ಕೆಲವೇ ದಿನಗಳಲ್ಲಿ ಐದನ್ನು ಇಪ್ಪತ್ತಕ್ಕೆ ಏರಿಸಿತು. ಅಪ್ಪಣೆ ಬಂದದ್ದು ೧೭ಕ್ಕೆ; ರೈಲುಗಳು ತುಂಬಿ ಹೊರಟದ್ದು ೧೫ರಿಂದ. ಸುಳ್ಳು ತನ್ನ ಕೆಲಸ ಮುಗಿಸಿ ಎರಡು ದಿನವಾದ ಮೇಲೆ ಅದರ ಹಾದಿಗೆ ಬೇಲಿ ಬಿತ್ತು. ಆ ಬೇಲಿ ತಡೆದದ್ದು ಯಾವುದನ್ನು? ಗುವಾಹಾಟಿಯಲ್ಲಿ ಕುಳಿತ ತಾಯಿಗೆ ‘ಇಲ್ಲಿ ಏನೂ ಆಗಿಲ್ಲ, ನಾನು ಕ್ಷೇಮ’ ಎಂದು ಆರನೆಯ ಸಲ ಹೇಳಬೇಕಾಗಿದ್ದ ಮಗನನ್ನೂ ತಡೆಯಿತಷ್ಟೆ. ಎರಡನೆಯ ಕೆಲಸ ಬೇರೆ ಬಗೆಯದು. ಮುಖ್ಯಮಂತ್ರಿ ಜಗದೀಶ ಶೆಟ್ಟರ ಸರಕಾರದ ಗೃಹಮಂತ್ರಿಗಳಾಗಿದ್ದ ಆರ್. ಅಶೋಕ ಅವರು ನಿಲ್ದಾಣಕ್ಕೇ ಹೋಗಿ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಜನರೊಡನೆ ಮಾತನಾಡಿದರು. ಮುಸಲ್ಮಾನ ಸಮಾಜದ ಹಿರಿಯರು ಈಶಾನ್ಯದವರಿಗೆ ಅಭಯದ ಮಾತು ಹೇಳಿದರು. ಆಗಸ್ಟ್ ೨೦ರಂದು ಈದ್ ಬಂತು, ಶಾಂತವಾಗಿ ಕಳೆಯಿತು. ಹೋದವರಲ್ಲಿ ಬಹಳ ಜನ ವಾರಗಳೊಳಗೆ ತಮ್ಮ ಕೆಲಸಗಳಿಗೆ ಮರಳಿದರು. ಅವರನ್ನು ಕರೆತಂದದ್ದು ಮಾತು: ‘ಬಾ, ಅಂಥದ್ದೇನಿಲ್ಲ’ ಎಂದು ಗೆಳೆಯ ಗೆಳೆಯನಿಗೆ, ಧಣಿ ಆಳಿಗೆ ಹೇಳಿದ ಮಾತು.

ಇಲ್ಲಿ ನಮ್ಮ ಭಾಷೆಯ ಒಂದು ಗುಟ್ಟನ್ನು ಹೇಳಬೇಕು. ‘ವದಂತಿ’ ಎಂಬ ಪದ ಸಂಸ್ಕೃತದ ‘ವದ್’ ಧಾತುವಿನ ಬಹುವಚನದ ಕ್ರಿಯಾರೂಪ, ಅರ್ಥ, ‘ಹೇಳುತ್ತಾರೆ’. ಯಾರು ಹೇಳುತ್ತಾರೆ? ಕರ್ತೃಪದವಿಲ್ಲ. ಕರ್ತೃವಿಲ್ಲದ ಕ್ರಿಯಾಪದವೇ ವದಂತಿ. ಕನ್ನಡ ಇದನ್ನು ಇನ್ನೂ ಚಿಕ್ಕದು ಮಾಡಿ ‘ಅಂತೆ’ ಎಂಬ ಒಂದು ಬಾಲದಲ್ಲಿ ಅಡಗಿಸಿದೆ. ಬಂದರಂತೆ, ಹೊಡೆದರಂತೆ, ಸುಟ್ಟರಂತೆ. ಆಡಿದವನ ಹೊಣೆ ಆ ಬಾಲದೊಡನೆಯೇ ಜಾರಿಹೋಗುತ್ತದೆ. ಸುಳ್ಳನ್ನು ತಡೆಯುವುದೆಂದರೆ ಈ ‘ಅಂತೆ’ಯನ್ನು ಕತ್ತರಿಸಿ ಅದರ ಜಾಗದಲ್ಲಿ ಹೆಸರುಳ್ಳ ಒಬ್ಬನನ್ನು ನಿಲ್ಲಿಸುವುದು: ‘ನಾನು ಅಲ್ಲೇ ಇದ್ದೆ, ನಾನು ಕಂಡೆ, ಹಾಗಾಗಿಲ್ಲ.’ ಇಂಟರ್ನೆಟ್ ಬಂದಾದಾಗ ನಿಂತುಹೋಗುವುದು ಈ ಎರಡನೆಯ ಮಾತು. ಮೊದಲನೆಯದಕ್ಕೆ ತಂತಿಯೂ ಬೇಡ, ಗೋಪುರವೂ ಬೇಡ. ಚಹದಂಗಡಿ ಸಾಕು, ಬಸ್ ಸ್ಟ್ಯಾಂಡು ಸಾಕು, ದೂರದಲ್ಲಿ ಎದ್ದ ಹೊಗೆ ಸಾಕು.

ಇದಕ್ಕಿಂತ ವಿಪರೀತವೊಂದಿದೆ. ಅಪ್ಪಣೆಯನ್ನು ಪ್ರಕಟಿಸದೆ ಬಂದ್ ಮಾಡಿದರೆ ಆ ಅಪ್ಪಣೆಯೇ ವದಂತಿಯಾಗುತ್ತದೆ. ‘ನೆಟ್ ಬಂದ್ ಮಾಡ್ಯಾರಂತ. ಏನೋ ದೊಡ್ಡದು ಆಗಿರಬೇಕು.’ ಸರಕಾರ ಶಾಂತಿಗೆಂದು ಮಾಡಿದ ಕೆಲಸವೇ ಅಶಾಂತಿಯ ಮೊದಲ ಸುದ್ದಿ! ‘ಕಾಶ್ಮೀರ ಟೈಮ್ಸ್’ ಪತ್ರಿಕೆಯ ಸಂಪಾದಕಿ ಅನುರಾಧಾ ಭಸೀನ್ ಅವರು ಹೂಡಿದ ದಾವೆಯಲ್ಲಿ ೨೦೨೦ರ ಜನವರಿ ೧೦ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಮುಖ್ಯ ಅಂಶಗಳಲ್ಲಿ ಒಂದು ಇದೇ: ಇಂಥ ಅಪ್ಪಣೆಗಳನ್ನು ಪ್ರಕಟಿಸಬೇಕು, ಜನ ಅವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಸಾಧ್ಯವಾಗಬೇಕು. ಅನಿರ್ದಿಷ್ಟ ಕಾಲದ ಬಂದ್ ಸಲ್ಲದು. ಉದ್ದೇಶಕ್ಕೆ ತಕ್ಕಷ್ಟೇ ತಡೆ ಇರಬೇಕು ಎಂದೂ ಅದು ಹೇಳಿತು. ಆ ದಾವೆಯ ಹಿಂದೆ ಇದ್ದದ್ದು ೨೦೧೯ರ ಆಗಸ್ಟಿನ ಕಾಶ್ಮೀರ. ಆ ಸಲದ ಬಕ್ರೀದ್ ಆಗಸ್ಟ್ ೧೨ಕ್ಕೆ ಬಂತು. ಇಂಟರ್ನೆಟ್ ಹೋಗಲಿ, ಟೆಲಿಫೋನೂ ಇಲ್ಲದ ಹಬ್ಬ ಅದು. ದೂರದ ಊರುಗಳಲ್ಲಿ ಓದುತ್ತಿದ್ದ ಮಕ್ಕಳ ದನಿ ಕೇಳುವುದಕ್ಕೆ ತಂದೆತಾಯಿಗಳು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿಟ್ಟ ಫೋನಿನ ಮುಂದೆ ಸಾಲು ನಿಂತರು. ಹಬ್ಬವನ್ನು ಕಾಪಾಡುವುದಕ್ಕೆಂದು ಹಬ್ಬದ ತಿರುಳನ್ನೇ ತೆಗೆದಂತೆ ಆಯಿತು. ಇಷ್ಟಾದರೂ, ದೇಶದಲ್ಲಿ ಇಂಥ ಬಂದುಗಳು ಎಷ್ಟಾದವೆಂಬ ಲೆಕ್ಕವನ್ನು ಕೇಂದ್ರದ ಗೃಹ ಇಲಾಖೆಯಾಗಲಿ ದೂರಸಂಪರ್ಕ ಇಲಾಖೆಯಾಗಲಿ ಇಟ್ಟಿಲ್ಲವೆಂದು ೨೦೨೧ರ ಡಿಸೆಂಬರಿನಲ್ಲಿ ಸಂಸತ್ತಿನ ಸ್ಥಾಯೀ ಸಮಿತಿ ವರದಿ ಮಾಡಿತು. ಹೊರಗಿನ ‘ಆ್ಯಕ್ಸೆಸ್ ನೌ’ ಸಂಸ್ಥೆ ಎಣಿಸಿ ಹೇಳಬೇಕಾಯಿತು: ೨೦೨೩ರಲ್ಲಿ ೧೧೬, ೨೦೨೪ರಲ್ಲಿ ೮೪.

ನೆರೆಯ ಪಾಕಿಸ್ತಾನದಲ್ಲಿ ೨೦೧೨ರಿಂದೀಚೆಗೆ ಈದ್, ಮೊಹರಂ ದಿನಗಳಲ್ಲಿ ದೊಡ್ಡ ಪಟ್ಟಣಗಳ ಮೊಬೈಲ್ ಸೇವೆಯನ್ನು ನಿಲ್ಲಿಸುವ ರೂಢಿ ಬೆಳೆಯಿತು. ಅಲ್ಲಿಯ ಕಾರಣ ಬೇರೆ: ಮೊಬೈಲಿನಿಂದ ಬಾಂಬು ಸಿಡಿಸುತ್ತಾರೆಂಬ ಭಯ. ಇಸ್ಲಾಮಾಬಾದಿನ ಹೈಕೋರ್ಟು ೨೦೧೮ರಲ್ಲಿ ಈ ರೂಢಿ ಕಾಯದೆಬಾಹಿರವೆಂದಿತು. ೨೦೨೦ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಒಮ್ಮೆ ಕ್ಯಾಲೆಂಡರಿಗೆ ಅಂಟಿಕೊಂಡ ಅಪ್ಪಣೆ ಸುಲಭವಾಗಿ ಕಳಚುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ನಮ್ಮ ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಇದನ್ನೆಲ್ಲ ಬರೆಯುತ್ತಿದ್ದೇನೆ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳು ಇಲ್ಲಿದೆಯೆಂದು ‘ಕವಿರಾಜಮಾರ್ಗ’ ಗುರುತಿಸಿದ ನಾಲ್ಕು ಊರುಗಳಲ್ಲಿ ಒಂದು. ಅಲ್ಲಿ ಸೋಮೇಶ್ವರನ ಗುಡಿಯಿದೆ, ಶಂಖಬಸದಿಯಿದೆ, ಆದಿಲಶಾಹಿ ಕಾಲದ ಮಸೀದಿಯಿದೆ, ದೂದಪೀರಾಂ ದರ್ಗಾ ಇದೆ. ಶಿರಹಟ್ಟಿಯಲ್ಲಿ ಫಕ್ಕೀರೇಶ್ವರನ ಮಠ. ಹೆಸರೇ ಎರಡು ಭಾಷೆಗಳನ್ನು ಕೂಡಿಸಿ ಕಟ್ಟಿದ್ದು, ನಡೆದುಕೊಳ್ಳುವವರೂ ಎರಡೂ ಸಮಾಜದವರು. ಸ್ವಾತಂತ್ರ್ಯಕ್ಕೆ ಮೊದಲು ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಗದಗು ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಒಂದು ದಿನದ ನಡಿಗೆಯಲ್ಲಿ ಮೂರು ಸರಕಾರ! ಆದರೂ ಜಾತ್ರೆಗೆ ಹೋಗುವವರು ಯಾರ ಗಡಿಯನ್ನೂ ಕೇಳಲಿಲ್ಲ.

ಮೊಹರಂ ಬಂತೆಂದರೆ ಒಂದೂ ಮುಸಲ್ಮಾನರ ಮನೆಯಿಲ್ಲದ ಹಳ್ಳಿಗಳಲ್ಲಿಯೂ ಪಂಜಾ ಕೂಡಿಸಿ, ಅಲಾಯಿ ಕುಣಿ ತೋಡಿ, ರಿವಾಯತ ಪದ ಹಾಡುವ ಸೀಮೆ ಇದು. ೨೦೧೮, ೨೦೧೯, ೨೦೨೦ ಈ ಮೂರು ವರುಷ ಗಣಪತಿ ಕೂತ ದಿನಗಳೊಳಗೇ ಮೊಹರಮ್ಮೂ ಬಂತು. ಪಂಚಾಂಗ ಇಂಥ ಗಂಟುಗಳನ್ನು ಹಾಕುತ್ತದೆ; ಬಿಚ್ಚುವವರು ಮನುಷ್ಯರು. ಬಿಚ್ಚುವ ಬಗೆ ನಮ್ಮ ಊರುಗಳಿಗೆ ಹೊಸದಲ್ಲ. ಪೊಲೀಸ್ ಠಾಣೆಯಲ್ಲಿ ನಡೆಯುವ ಶಾಂತಿಸಭೆಗಳಲ್ಲಿ ನಾನೂ ಎರಡು ಮೂರು ಸಲ ಕುಳಿತಿದ್ದೇನೆ. ಹೊರಗಿನವರಿಗೆ ಅದು ಚಹ ಕುಡಿದು ಏಳುವ ಸಭೆಯಂತೆ ಕಂಡೀತು. ಆದರೆ ಯಾವ ಓಣಿಯ ಮಂಡಳಿ ಎಷ್ಟು ಗಂಟೆಗೆ ಹೊರಡಬೇಕು, ಮಸೀದಿಯ ಮುಂದೆ ಬಾಜಾ ಎಲ್ಲಿಂದ ಎಲ್ಲಿಯವರೆಗೆ ನಿಲ್ಲಬೇಕು, ಡೋಲಿ ಬರುವ ಹಾದಿಯಲ್ಲಿ ಪೆಂಡಾಲಿನ ಕಂಬ ಎಷ್ಟು ಸರಿಯಬೇಕು ಎಂಬುದನ್ನು ಹೆಸರು ಹಿಡಿದು ಅಲ್ಲಿ ನಿಶ್ಚಯಿಸುತ್ತಾರೆ. ‘ಏನ್ರಿ ಸಾಹೇಬ್ರ, ಹೋದ ವರ್ಷ ಹತ್ತಕ್ಕ ಅಂದು ಹನ್ನೊಂದು ಮಾಡಿದ್ರಿ’ ಎಂದು ಒಬ್ಬರು, ‘ಈ ಸಲ ಒಂಬತ್ತೂವರಿಗೇ ಮುಗಸ್ತೀವಿ ಯಜಮಾನ್ರ’ ಎಂದು ಇನ್ನೊಬ್ಬರು. ಅಂತೆಯಿಲ್ಲದ ಮಾತು ಇದು. ಆಡಿದವನು ಎದುರಿಗೇ ಕುಳಿತಿದ್ದಾನೆ. ೨೦೨೩ರ ಸೆಪ್ಟೆಂಬರ್ ೨೮ರಂದು ಅನಂತ ಚತುರ್ದಶಿಯೂ ಈದ್ ಮಿಲಾದೂ ಒಂದೇ ದಿನ ಬಿದ್ದಾಗ, ಮುಂಬಯಿಯ ಖಿಲಾಫತ್ ಸಮಿತಿಯವರು ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ಹಾಕಿಕೊಂಡರು. ಇದು ಒಂದು ಬೈಠಕಿನಲ್ಲಿ ಕುಳಿತು ಆಡಿದ ಮಾತಿನ ಫಲ. ಯಾವ ಗೃಹಕಾರ್ಯದರ್ಶಿಯ ಅಪ್ಪಣೆಯೂ ಇಷ್ಟು ಕೆಲಸ ಮಾಡಲಾರದು.

ಹಾಗೆಂದ ಮಾತ್ರಕ್ಕೆ ಪೊಲೀಸರ ಕಷ್ಟ ನನಗೆ ತಿಳಿಯದೆಂದಲ್ಲ. ನಮ್ಮ ಮಗ್ಗುಲಿನ ಹಳೆ ಹುಬ್ಬಳ್ಳಿಯಲ್ಲಿ ೨೦೨೨ರ ಏಪ್ರಿಲ್ ೧೬ರ ರಾತ್ರಿ, ಹನುಮಜಯಂತಿಯ ದಿನ, ಒಬ್ಬ ಹುಡುಗ ವಾಟ್ಸ್‌ಆ್ಯಪಿನಲ್ಲಿ ಇಟ್ಟ ಒಂದು ಚಿತ್ರದಿಂದ ಜನ ಠಾಣೆಯ ಮುಂದೆ ನೆರೆದು ಕಲ್ಲು ತೂರಿದರು, ಪೊಲೀಸರಿಗೂ ಪೆಟ್ಟಾಯಿತು. ಒಂದು ಚಿತ್ರ ಒಂದು ತಾಸಿನಲ್ಲಿ ಊರನ್ನು ಎಬ್ಬಿಸಬಲ್ಲುದು, ನಿಜ. ಹಾಗೆಯೇ ೨೦೧೯ರ ಡಿಸೆಂಬರ್ ೧೯ರಂದು ಮಂಗಳೂರಿನಲ್ಲಿ ಪೌರತ್ವ ಕಾಯದೆಯ ವಿರುದ್ಧದ ಪ್ರತಿಭಟನೆಯ ವೇಳೆ ಗೋಲಿಬಾರಾಗಿ ಇಬ್ಬರು ಸತ್ತಾಗ, ದಕ್ಷಿಣ ಕನ್ನಡದಲ್ಲಿ ನಾಲ್ವತ್ತೆಂಟು ತಾಸಿನ ಬಂದ್ ಹೇರಿದರು. ಆ ರಾತ್ರಿ ಅಧಿಕಾರಿಯ ಕುರ್ಚಿಯಲ್ಲಿ ಕುಳಿತವನಿಗೆ ನನ್ನ ಈ ಲೇಖನ ಬಹಳ ಹಗುರವಾಗಿ ಕಂಡೀತು. ಆದರೆ ಆ ಎರಡು ದಿನ ಮಂಗಳೂರಿನ ಮನೆಗಳಲ್ಲಿ ಕುಳಿತವರಿಗೆ, ಬೀದಿಯಲ್ಲಿ ಏನಾಯಿತೆಂಬ ಸತ್ಯ ತಿಳಿದುಕೊಳ್ಳುವ ಹಾದಿಯೂ ಮುಚ್ಚಿತ್ತೆಂಬುದನ್ನು ಮರೆಯುವಂತಿಲ್ಲ. ಭಾರತದಲ್ಲಿ ೨೦೧೬ರಲ್ಲಾದ ಬಂದುಗಳನ್ನು ಅಭ್ಯಸಿಸಿದ ಯಾನ್ ರಿಡ್ಜಾಕ್ ಎಂಬ ವಿದ್ವಾಂಸರು, ಇಂಟರ್ನೆಟ್ ನಿಲ್ಲಿಸಿದ ಕಡೆ ಹಿಂಸೆ ತಗ್ಗುವ ಬದಲು ಹೆಚ್ಚಿದ್ದನ್ನು ೨೦೧೯ರಲ್ಲಿ ತೋರಿಸಿಕೊಟ್ಟಿದ್ದಾರೆ.

ನಷ್ಟ ಯಾರಿಗೆ ಎಂಬುದನ್ನೂ ನೋಡಬೇಕು. ಹರಿಯಾಣದ ಅಪ್ಪಣೆಗಳು ಮೊಬೈಲ್ ಇಂಟರ್ನೆಟ್ಟನ್ನು ನಿಲ್ಲಿಸಿ, ಮನೆ ಕಚೇರಿಗಳ ಬ್ರಾಡ್‌ಬ್ಯಾಂಡನ್ನು ಬಿಡುತ್ತವೆ. ಹಾಗಾದರೆ ಬಂಗಲೆಯಲ್ಲಿ ಕುಳಿತವನ ‘ಅಂತೆ’ಗೆ ಅಡ್ಡಿಯಿಲ್ಲ. ಜಾತ್ರೆಯಲ್ಲಿ ಬೆಂಡು-ಬತ್ತಾಸ ಮಾರುವವಳ ಮುಂದಿನ ಕ್ಯೂಆರ್ ಕೋಡಿನ ಕಾಗದ ಮಾತ್ರ ಆ ದಿನ ಬರಿಯ ಚಿತ್ರ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಬೇಕಾದ ಮುದುಕಿ, ಎಪಿಎಂಸಿಯ ಇ-ಟೆಂಡರಿಗೆ ಉಳ್ಳಾಗಡ್ಡಿ ತಂದ ಒಕ್ಕಲಿಗ, ಪರೀಕ್ಷೆಯ ಫೀ ತುಂಬುವ ಕೊನೆಯ ದಿನ ಕಾಲೇಜಿನ ಪಡಸಾಲೆಯಲ್ಲಿ ಮೊಬೈಲು ಹಿಡಿದು ನಿಂತ ನನ್ನ ವಿದ್ಯಾರ್ಥಿ, ಇವರಿಗೆ ಆ ಇಪ್ಪತ್ತನಾಲ್ಕು ತಾಸು ಇಪ್ಪತ್ತನಾಲ್ಕೇ ತಾಸಾಗಿ ಉಳಿಯುವುದಿಲ್ಲ. ಕೂಲಿ ಬಿಟ್ಟು ಇನ್ನೊಂದು ದಿನ ಬರಬೇಕು. ಗೋಪುರಗಳಿಗೆ ತಾಲ್ಲೂಕಿನ ಗಡಿಯೂ ತಿಳಿಯದು. ಲಕ್ಷ್ಮೇಶ್ವರದ ಮೆರವಣಿಗೆಗೆಂದು ಮಾಡಿದ ಬಂದ್ ಸೀಮೆಯಾಚೆಯ ಹಳ್ಳಿಗೂ ಬಡಿದೀತು.

೨೦೨೪ರ ನಿಯಮಗಳ ಪ್ರಕಾರ ಬಂದ್ ಅಪ್ಪಣೆ ಬರವಣಿಗೆಯಲ್ಲಿರಬೇಕು, ಕಾರಣ, ಪ್ರದೇಶ, ಅವಧಿಗಳನ್ನು ಹೇಳಬೇಕು, ಪ್ರಕಟವಾಗಬೇಕು. ಹದಿನೈದು ದಿನ ಮೀರುವಂತಿಲ್ಲ. ಪ್ರಕಟವಾಗಬೇಕಾದದ್ದು ಯಾವ ಭಾಷೆಯಲ್ಲಿ, ಎಲ್ಲಿ? ಇಂಟರ್ನೆಟ್ ಇಲ್ಲವೆಂಬ ಅಪ್ಪಣೆಯನ್ನು ಇಂಟರ್ನೆಟ್ಟಿನಲ್ಲಿಯೇ ಹಾಕಿದರೆ ಓದುವವರಾರು? ಅಂಥ ದಿನ ನಮ್ಮ ಜಿಲ್ಲೆಗೆ ಬಾರದಿರಲಿ. ಬಂದರೆ ಅದು ಕನ್ನಡದಲ್ಲಿ, ಸಹಿ ಹಾಕಿದವರ ಹೆಸರಿನೊಡನೆ, ಶಿರಹಟ್ಟಿಯ ಮತ್ತು ಮುಂಡರಗಿಯ ತಹಶೀಲ್ದಾರರ ಕಚೇರಿಯ ಫಲಕದ ಮೇಲೆ, ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ, ಬೆಟಗೇರಿಯ ಪೇಟೆಯಲ್ಲಿ ಅಂಟಬೇಕು. ಡಂಗುರದವನ ಬಾಯಲ್ಲಿ ಹಳ್ಳಿ ಹಳ್ಳಿಗೆ ಹೋಗಬೇಕು. ಅದಕ್ಕೆ ಮೊದಲು, ಮುಂದಿನ ಶಾಂತಿಸಭೆ ಸೇರಿದಾಗ, ಮೆರವಣಿಗೆಯ ಹಾದಿ ಹೊತ್ತುಗಳೊಡನೆ ಇನ್ನೊಂದು ಬಾಬತ್ತನ್ನೂ ನಿಶ್ಚಯಿಸಲಿ: ಆ ರಾತ್ರಿ ಓಣಿಯಲ್ಲಿ ಒಂದು ‘ಅಂತೆ’ ಎದ್ದರೆ ಅದನ್ನು ಯಾರಿಗೆ ಕೇಳಬೇಕು, ಅವರ ಫೋನಿನ ಅಂಕಿ ಯಾವುದು, ಹನ್ನೆರಡು ಗಂಟೆಗೂ ಅದನ್ನು ಎತ್ತಿ ಉತ್ತರ ಕೊಡುವವರು ಯಾರು. ಓಣಿಗೆ ಇಬ್ಬರಂತೆ ಎರಡೂ ಸಮಾಜದವರ ಹೆಸರು ಬರೆದುಕೊಳ್ಳುವುದಕ್ಕೆ ಒಂದು ತಾವು ಕಾಗದ ಸಾಕು.